ಅಡ್ವಾನ್ಸ್ ಇಲ್ಲದ ತಾಯಿಗೆ ಕನ್ನಡನಾಡಲ್ಲಿ ಸೂರಿಲ್ಲವೇ?

ಕನ್ನಡದ ಯುವಕರೇ,

ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಚಂದಾ ಪುಸ್ತಕ ಅಚ್ಚು ಹಾಕುವವನು ನಾನು, ಹುಲಿಹೈದರದವನು. ನನ್ನ ಪ್ರೆಸ್ಸಿನಲ್ಲಿ ಆ ಪುಸ್ತಕಗಳಿಗೆ ಪಿನ್ನು ಹೊಡೆಯುತ್ತಿದ್ದ ಹುಡುಗಿಯ ಕಥೆ ಕೇಳಿ. ಗಂಡ ಬಿಟ್ಟುಹೋದ. ವಯಸ್ಸು ಇಪ್ಪತ್ತೆರಡು, ಕಂಕುಳಲ್ಲಿ ಕೂಸು. ಗಾರ್ಮೆಂಟ್ಸ್ ನಂಬಿ ಬೆಂಗಳೂರಿಗೆ ಹೋದಳು. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಬಾಡಿಗೆ 8,000, ಅಡ್ವಾನ್ಸ್ ಹತ್ತು ತಿಂಗಳದ್ದು, 80,000! ಮೇಲೆ ‘ಗಂಡ ಎಲ್ಲಮ್ಮ?’ ಎಂಬ ಪ್ರಶ್ನೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಒಂದು ಪೈಸೆ ಮುಟ್ಟದೆ ಕೂಡಿಟ್ಟರೂ ನಲವತ್ತು ತಿಂಗಳು ಬೇಕು. ಮೂರು ವಾರ ಗೆಳತಿಯ ಕೋಣೆಯಲ್ಲಿದ್ದು ಊರಿಗೆ ಮರಳಿದಳು. ಸಿಕ್ಕ ಕೆಲಸವೂ ಹೋಯಿತು.

ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಅಂದರೆ 16,000. ಆದರೆ ಮಾದರಿ ಬರೀ ಮಾದರಿ. ರಾಜ್ಯ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಹಲ್ಲು. ವಿಧಾನಸೌಧದ ಮುಂದೆ ಈ ಕೂಗು ಏಕಿಲ್ಲ?

ಕಾನೂನು ಬರುವವರೆಗೂ ಕಾಯಬೇಡಿ. ಅಡ್ವಾನ್ಸ್ ಕರಗುವ ಹಣವಲ್ಲ, ಮನೆ ಬಿಟ್ಟಾಗ ಮರಳುವ ಹಣ. ಆರ್ಕೆಸ್ಟ್ರಾ ಚಂದಾದಲ್ಲಿ ಅರ್ಧ ಎತ್ತಿಡಿ. ಒಬ್ಬ ತಾಯಿಗೆ ಕೊಟ್ಟದ್ದು ಮರಳಿ ಇನ್ನೊಬ್ಬಳಿಗೆ ಆಗುತ್ತದೆ. ಕರಾರುಪತ್ರ ಕನ್ನಡದಲ್ಲೇ ಬರೆಸಿ. ಪೇಂಟಿಂಗ್ ಹೆಸರಲ್ಲಿ ಎಷ್ಟು ಹಿಡಿಯುತ್ತಾರೆ ಎಂಬುದು ಅದರಲ್ಲಿರಲಿ. ರಸೀದಿ ಕೇಳಿ. ಅವಳ ಜೊತೆ ನಾಲ್ಕು ಜನ ಹೋಗಿ ನಿಲ್ಲಿ.

ಈ ನಿಧಿಯ ರಸೀದಿ ಪುಸ್ತಕ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ತಾಯಿ ಭುವನೇಶ್ವರಿಗೆ ಹಾರ ಹಾಕುವ ಕೈ, ಬೀದಿಯಲ್ಲಿ ನಿಂತ ತಾಯಿಗೆ ಬೀಗದ ಕೈ ಕೊಡಲಿ!