ಉಪ್ಪಿನ ಗದ್ದೆಯೂ ಚಿನ್ನದ ಗಣಿಯೂ

ಅಘನಾಶಿನಿ ನದಿಯು ಕಡಲನ್ನು ಕೂಡುವೆಡೆಯಲ್ಲಿ, ಕುಮಟಾ ತಾಲೂಕಿನ ಸಾಣಿಕಟ್ಟಾದಲ್ಲಿ, ಬೇಸಗೆ ಬಂತೆಂದರೆ ಉಪ್ಪಿನ ಗದ್ದೆಗಳು ಬೆಳ್ಳಗೆ ಹೊಳೆಯುತ್ತವೆ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಮ್ ಲವಣಗಳಿರುತ್ತವೆ. ಬಿಸಿಲಿಗೆ ನೀರು ಆರಿದಂತೆಲ್ಲ ಇವು ಒಟ್ಟಿಗೇ ತಳಕ್ಕಿಳಿಯುವುದಿಲ್ಲ. ಮೊದಲು ಸುಣ್ಣ, ಬಳಿಕ ಜಿಪ್ಸಮ್, ಅದರ ತರುವಾಯ ಅಡುಗೆಯ ಉಪ್ಪು, ಹೀಗೆ ಒಂದೊಂದೂ ತನ್ನ ಸರದಿ ಬಂದಾಗ ಹರಳುಗಟ್ಟುತ್ತದೆ. ಕಡೆಗೆ ಮೆಗ್ನೀಸಿಯಮ್ ಲವಣಗಳ ಕಹಿನೀರು ಉಳಿಯುತ್ತದೆ. ಭೂಗರ್ಭದಲ್ಲಿ ಅದಿರು ನೆಲೆಗೊಳ್ಳುವ ಬಗೆಯನ್ನು ಅರಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ.

ಉಪ್ಪು ಕರಗುವುದು ಸರಿ, ಕಲ್ಲು ಕರಗುವುದುಂಟೇ ಎಂದು ವಾಚಕರು ಕೇಳಬಹುದು. ಅದೇ ತಾಲೂಕಿನ ಯಾಣದಲ್ಲಿ ಸುಣ್ಣಕಲ್ಲಿನ ಶಿಖರಗಳನ್ನು ಕೊರೆದುದು ಮಳೆಯ ತಣ್ಣೀರೇ. ಬೆಣಚುಕಲ್ಲು ಇಷ್ಟು ಸುಲಭವಾಗಿ ಮಣಿಯದು. ಸಾಧಾರಣ ಶಾಖದಲ್ಲಿ ಒಂದು ಲೀಟರ್ ನೀರು ಅದರ ಸುಮಾರು 10 ಮಿಲಿಗ್ರಾಮಿನಷ್ಟನ್ನು ಮಾತ್ರ ಕರಗಿಸಬಲ್ಲದು. ಆದರೆ ಭೂಮಿಯ ಆಳದಲ್ಲಿ ಸಂಗತಿಯೇ ಬೇರೆ. ಮೇಲಿನ ಬಂಡೆಗಳ ಒತ್ತಡದಿಂದಾಗಿ ಅಲ್ಲಿಯ ನೀರು 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ಆವಿಯಾಗದೆ ದ್ರವವಾಗಿಯೇ ಇರಬಲ್ಲದು. ಅಂಥ ನೀರು ಲೀಟರಿಗೆ ನೂರಾರು ಮಿಲಿಗ್ರಾಮ್ ಬೆಣಚನ್ನು ಕರಗಿಸಿಕೊಳ್ಳುತ್ತದೆ. ಅದರಲ್ಲಿ ಉಪ್ಪೂ ಇದ್ದರೆ, ಉಪ್ಪಿನ ಕ್ಲೋರೈಡು ತಾಮ್ರ, ಸೀಸ, ಸತುಗಳೊಡನೆ ಕೂಡಿ ಅವುಗಳನ್ನು ದ್ರಾವಣದಲ್ಲಿ ಹಿಡಿದಿಡುತ್ತದೆ. ಚಿನ್ನಕ್ಕೂ ಕ್ಲೋರೈಡಿನ ನೆರವು ದೊರೆಯುವುದುಂಟು; ಆದರೆ ನಮ್ಮ ಕೋಲಾರ, ಹಟ್ಟಿಗಳಲ್ಲಿ ಅದನ್ನು ಹೊತ್ತು ತಂದುದು ಹೆಚ್ಚಾಗಿ ಗಂಧಕವೆಂಬುದು ಇಂದಿನ ಭೂವಿಜ್ಞಾನಿಗಳ ಮತ.

ಬಿರುಕುಗಳ ದಾರಿಯಾಗಿ ಮೇಲೇರುವ ಈ ಬಿಸಿನೀರು, ಒತ್ತಡ ಕುಸಿದಾಗ, ತಣಿದಾಗ, ಇಲ್ಲವೇ ಸುತ್ತಲ ಬಂಡೆಯ ಕಬ್ಬಿಣವು ಗಂಧಕವನ್ನು ಸೆಳೆದುಕೊಂಡಾಗ, ತನ್ನ ಹೊರೆಯನ್ನು ಇಳಿಸಿಬಿಡುತ್ತದೆ. ಆಗ ಬೆಣಚಿನ ನಡುವೆ ಚಿನ್ನ ನೆಲೆಗೊಳ್ಳುತ್ತದೆ. ಕೋಲಾರದಲ್ಲಿ ಇದು ನಡೆದು ಸುಮಾರು 250 ಕೋಟಿ ವರ್ಷಗಳಾದುವು. ಆ ಸಂಪತ್ತಿನಿಂದ ಮನುಷ್ಯನು 1880ರ ದಶಕದಿಂದ 2001ರಲ್ಲಿ ಗಣಿ ಮುಚ್ಚುವವರೆಗೆ, 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಸುಮಾರು 800 ಟನ್ ಚಿನ್ನವನ್ನು ತೆಗೆದನು.

ತೆಗೆದ ಉಪಾಯವಾದರೂ ನಿಸರ್ಗದ್ದೇ. ಗಂಧಕದ ಬದಲಿಗೆ ಸೈನೈಡನ್ನು ಚಿನ್ನಕ್ಕೆ ಜೊತೆಗೂಡಿಸಿ ನೀರಿನಲ್ಲಿ ಕರಗಿಸುವ ವಿಧಾನವು 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡಿತು. ಕೋಲಾರವೂ ಅದನ್ನು ಕೈಕೊಂಡಿತು. ಚಿನ್ನ ಹೋದ ಮೇಲೆ ಉಳಿದ ಪುಡಿ ದಿಬ್ಬಗಳಾಗಿ ಊರಿನ ನಡುವೆಯೇ ನಿಂತಿತು. ಅದು ಬರಿಯ ಕಲ್ಲಿನ ಪುಡಿ, ಅದರಿಂದೇನು ಕೇಡು ಎನ್ನುವವರುಂಟು. ಈ ಮಾತನ್ನು ನಾವು ಒಪ್ಪಲಾರೆವು. ಇಡೀ ಬಂಡೆಗಿಂತ ಹಿಟ್ಟಿನಂತೆ ಅರೆದ ಕಲ್ಲಿಗೆ ನೀರು ಸೋಕುವ ಮೈ ಬಹಳ ಹೆಚ್ಚು. ಕೋಟ್ಯಂತರ ವರ್ಷ ಗಾಳಿ ಕಾಣದಿದ್ದ ಗಂಧಕಯುಕ್ತ ಖನಿಜಗಳು ಗಾಳಿ, ಮಳೆಗಳನ್ನು ಕೂಡಿದರೆ ಗಂಧಕಾಮ್ಲ ಹುಟ್ಟುತ್ತದೆ. ಆಮ್ಲವು ಲೋಹಗಳನ್ನು ಕರಗಿಸುತ್ತದೆ. ಆಳದಲ್ಲಿ ಶಾಖವು ಮಾಡಿದ ಕೆಲಸವನ್ನು ಮೇಲೆ ಗಾಳಿ, ಮಳೆಗಳೇ ಮಾಡಬಲ್ಲವು. ಸುಣ್ಣದಂಶವಿರುವ ಪುಡಿಯಲ್ಲಿ ಆಮ್ಲವು ಅಡಗಬಹುದೆಂಬುದೂ ನಿಜ. ಆದುದರಿಂದಲೇ ಊಹೆ ಸಾಲದು, ಅಳೆದು ನೋಡಬೇಕು.

ಇಂಥ 13 ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನಿನಲ್ಲಿ ಒಪ್ಪಿಗೆ ನೀಡಿತು. ಕೆಲಸ ಕಳೆದುಕೊಂಡ ಊರಿಗೆ ಮತ್ತೆ ಕೆಲಸ ದೊರೆಯುವುದಾದರೆ ಅದನ್ನು ಬೇಡವೆನ್ನಲು ನಾವಾರು? ಆದರೆ ಪುಡಿಯನ್ನು ಕದಲಿಸುವ ಮೊದಲು, ಕದಲಿಸುವಾಗ, ಕೆಲಸ ಮುಗಿದ ಮೇಲೆಯೂ, ಸುತ್ತಲ ಬಾವಿ ಕೆರೆಗಳ ನೀರನ್ನು ಪರೀಕ್ಷಿಸಬೇಕು. ಫಲಿತಾಂಶವನ್ನು ಅಲ್ಲಿಯ ಜನ ಆಡುವ ಭಾಷೆಯಲ್ಲಿ ಪ್ರಕಟಿಸಬೇಕು. ಇದರ ಖರ್ಚನ್ನು ಚಿನ್ನದ ಬೆಲೆಯಲ್ಲಿಯೇ ಸೇರಿಸತಕ್ಕದ್ದು.

ಉಪ್ಪು ಬೆಳೆಯುವವನು ಹರಳನ್ನು ಬಾಚಿಕೊಂಡು ಕೈತೊಳೆದುಕೊಳ್ಳುವುದಿಲ್ಲ; ಉಳಿದ ಕಹಿನೀರು ಎತ್ತ ಹರಿಯಬೇಕೆಂಬುದನ್ನೂ ನೋಡಿಕೊಳ್ಳುತ್ತಾನೆ. ಚಿನ್ನ ಬಾಚುವವರಿಂದ ನಾವು ಕೇಳುವುದೂ ಇಷ್ಟನ್ನೇ.