ಹಳೇ ಕಂಪ್ಯೂಟರ್ ಗುಜರಿಗೆ ಬೇಡ

ನಮ್ಮ ಶಾಲೆಯ ಮೂಲೆಯಲ್ಲಿರುವ ವಿಂಡೋಸ್ 95 ಕಂಪ್ಯೂಟರನ್ನು ಗುಜರಿಗೆ ಹಾಕ್ತಾರಂತೆ. ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಮಾವನ ಹತ್ತಿರ ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಇದೆ. ಕ್ಯಾಸೆಟ್ ಎಷ್ಟು ಊದಿ ಹಾಕಿದ್ರೂ ಈಗ ನಡೆಯಲ್ಲ. ಅದು 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ಫ್ಯಾಮಿಕಾಮ್ ಯಂತ್ರದ ನಕಲು. ಆ ಯಂತ್ರದ ಆಟಗಳನ್ನು ಕಂಪ್ಯೂಟರಿನಲ್ಲೇ ಆಡಿಸುವ ನೆಸ್ಟಿಕಲ್ ಎಂಬ ಎಮ್ಯುಲೇಟರ್ 1997ರಲ್ಲಿ ಬಂತು. ಡಾಸ್‌ನಲ್ಲೂ ವಿಂಡೋಸ್ 95ರಲ್ಲೂ ಓಡುತ್ತಿತ್ತು. ಎಮ್ಯುಲೇಟರ್ ಅಂದ್ರೆ ಇನ್ನೊಂದು ಯಂತ್ರದ ವೇಷ ಹಾಕುವ ಪ್ರೋಗ್ರಾಂ. ಆಟದ ಒಂದೊಂದು ಆಜ್ಞೆಯನ್ನೂ ಓದಿ, ಈ ಕಂಪ್ಯೂಟರಿಗೆ ತಿಳಿಯೋ ಹಾಗೆ ಮಾಡಬೇಕು. ಫ್ಯಾಮಿಕಾಮ್ ವೇಗ 2 ಮೆಗಾಹರ್ಟ್ಸ್‌ಗಿಂತ ಕಮ್ಮಿ. ಆದ್ರೂ ಅದರ ವೇಷ ಹಾಕೋಕೆ ಎಷ್ಟೋ ಪಟ್ಟು ವೇಗದ ಕಂಪ್ಯೂಟರ್ ಬೇಕು!

ಗಣಿತದ ಸಾರ್ ಒಮ್ಮೆ ಫ್ಲಾಪಿಯಿಂದ ಹಾಕಿ ತೋರಿಸಿದ್ರು. ಚಿತ್ರ ತಡೆತಡೆದು ಓಡಿತು, ಸದ್ದು ಒಡೆಯಿತು. ನಾವು ನಕ್ಕೆವು. ಆದರೆ ಯಂತ್ರ ಎಷ್ಟು ದುಡಿಯುತ್ತೆ ಅಂತ ನನಗೆ ತಿಳಿದದ್ದೇ ಆಗ. ಮೊಬೈಲಲ್ಲೂ ಇದೇ ಆಟ ಬರುತ್ತೆ, ಆದರೆ ಅಲ್ಲಿ ದುಡಿಮೆ ಕಾಣಲ್ಲ.

ಮಾರುವ ಆಟವನ್ನು ಕದ್ದು ಹಾಕೋದು ತಪ್ಪು, ಒಪ್ತೀನಿ. ಆ ಯಂತ್ರಕ್ಕೆ ಈಗಲೂ ಹೊಸ ಆಟ ಬರೆದು ಪುಕ್ಕಟೆ ಕೊಡುವವರಿದ್ದಾರೆ, ಅದು ಸಾಕು.

ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೊಡಿ ಸಾರ್. ಧೂಳು ನಾನೇ ಒರೆಸ್ತೀನಿ.