ರಿಯಾಯಿತಿ ಬೆಳೆಸಿದ್ದಕ್ಕೋ, ಹುಟ್ಟಿದ್ದಕ್ಕೋ?

ನವೆಂಬರ್ ಬಂತೆಂದರೆ ಮೆಲ್ಬರ್ನ್‌ನ ಕ್ರೀಡಾಪುಟಗಳಲ್ಲಿ, ರೇಡಿಯೊ ಚರ್ಚೆಗಳಲ್ಲಿ ಒಂದೇ ದೂರು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಡ್ರಾಫ್ಟ್ ಕೆಟ್ಟುಹೋಗಿದೆ, ಕೆಡಿಸಿದ್ದು ಉತ್ತರದ ನಾಲ್ಕು ಕ್ಲಬ್‌ಗಳ ಅಕಾಡೆಮಿಗಳು! 2023ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಗೋಲ್ಡ್ ಕೋಸ್ಟ್ ಸನ್ಸ್ ತನ್ನ ಅಕಾಡೆಮಿಯ ನಾಲ್ವರು ಹುಡುಗರನ್ನು ಸೇರಿಸಿಕೊಂಡಿತು. ಜೆಡ್ ವಾಲ್ಟರ್, ಈಥನ್ ರೀಡ್, ಜೇಕ್ ರಾಜರ್ಸ್, ವಿಲ್ ಗ್ರಹಾಂ. ಒಂದೇ ಕ್ಲಬ್‌ಗೆ ಒಂದೇ ಸಂಜೆ ನಾಲ್ಕು ರತ್ನಗಳು ಸಿಕ್ಕರೆ ಉಳಿದವರ ಹೊಟ್ಟೆ ಉರಿಯದೆ ಇದ್ದೀತೇ? ಅಂದಿನಿಂದ ಅಕಾಡೆಮಿಗಳನ್ನೇ ಮುಚ್ಚಿ ಎನ್ನುವವರ ದನಿ ಜೋರಾಗಿದೆ.

ಈ ಸಿಟ್ಟಿನಲ್ಲಿ ನ್ಯಾಯ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದು ತಪ್ಪು ಮನೆಯ ಬಾಗಿಲು ಬಡಿಯುತ್ತಿದೆ.

ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಿನಂಥದ್ದಲ್ಲ. ಇಲ್ಲಿ ದುಡ್ಡು ಮಾತಾಡುವುದಿಲ್ಲ, ಸರದಿ ಮಾತಾಡುತ್ತದೆ. ಹಿಂದಿನ ಋತುವಿನಲ್ಲಿ ಕಟ್ಟಕಡೆಗೆ ಬಿದ್ದ ಕ್ಲಬ್‌ಗೆ ದೇಶದ ಅತ್ಯುತ್ತಮ ಹುಡುಗನನ್ನು ಆರಿಸುವ ಮೊದಲ ಹಕ್ಕು. ಕಪ್ ಗೆದ್ದವರಿಗೆ ಕೊನೆಯ ಸರದಿ. 1986ರಲ್ಲಿ ಶುರುವಾದ ಈ ಪದ್ಧತಿಯ ಉದ್ದೇಶ ಸರಳ. ಸೋತವರು ಸದಾ ಸೋಲುತ್ತಲೇ ಇರಬಾರದು. ಈ ಸರದಿಯನ್ನು ಮುರಿಯುವ ಯಾವುದೇ ನಿಯಮ ತಾನೇಕೆ ಬೇಕು ಎಂಬುದಕ್ಕೆ ಗಟ್ಟಿ ಕಾರಣ ಕೊಡಬೇಕು. ತಾವು ಬೆಳೆಸಿದ ಹುಡುಗನನ್ನು ಸರದಿ ಮೀರಿ ಕ್ಲಬ್‌ಗೆ ದೊರಕಿಸುವ ಅಕಾಡೆಮಿಗಳ ಬಳಿ ಆ ಕಾರಣ ಇದೆ.

ಈ ಆಟದ ಇಂದಿನ ರಾಷ್ಟ್ರೀಯ ಲೀಗ್ ಎಎಫ್‌ಎಲ್, ನಿನ್ನೆಯ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್. 18 ಕ್ಲಬ್‌ಗಳಲ್ಲಿ ಹತ್ತು ಈಗಲೂ ವಿಕ್ಟೋರಿಯಾ ರಾಜ್ಯದವು. 1982ರಲ್ಲಿ ಸೌತ್ ಮೆಲ್ಬರ್ನ್ ಕ್ಲಬ್ ಗಂಟುಮೂಟೆ ಕಟ್ಟಿಕೊಂಡು ಸಿಡ್ನಿಗೆ ಹೋಯಿತು. 1987ರಲ್ಲಿ ಬ್ರಿಸ್ಬೇನ್‌ಗೆ ಒಂದು ತಂಡ ಬಂತು, 2011ರಲ್ಲಿ ಗೋಲ್ಡ್ ಕೋಸ್ಟ್, 2012ರಲ್ಲಿ ಪಶ್ಚಿಮ ಸಿಡ್ನಿಯ ಜಯಂಟ್ಸ್. ಇವೆಲ್ಲ ರಗ್ಬಿ ಲೀಗ್‌ನ ಸೀಮೆ. ಅಲ್ಲಿನ ಹುಡುಗನ ಕೈಗೆ ಅಪ್ಪ ಕೊಡುವ ಚೆಂಡು ರಗ್ಬಿಯದು. ಈ ಆಟವನ್ನು ಅಲ್ಲಿ ಬೇರೂರಿಸಲು ಎಎಫ್‌ಎಲ್ ಎಷ್ಟು ಹತಾಶವಾಗಿತ್ತೆಂದರೆ, ಕಾರ್ಮೈಕಲ್ ಹಂಟ್ ಮತ್ತು ಇಸ್ರೇಲ್ ಫೊಲಾವ್ ಎಂಬ ಇಬ್ಬರು ರಗ್ಬಿ ತಾರೆಯರನ್ನೇ ದೊಡ್ಡ ಸಂಬಳ ಕೊಟ್ಟು ಎಳೆದು ತಂದಿತು. ಫೊಲಾವ್ ಹೆಚ್ಚು ದಿನ ನಿಲ್ಲಲಿಲ್ಲ. ತಾರೆಯನ್ನು ಕೊಂಡು ತರಬಹುದು. ಊರಿನ ಮಕ್ಕಳಿಗೆ ಆಟ ಕಲಿಸುವ ಕೆಲಸವನ್ನು ಮಾತ್ರ ಯಾರಾದರೂ ಕೂತು ಮಾಡಲೇಬೇಕು. 2010ರಲ್ಲಿ ಸಿಡ್ನಿ ಸ್ವಾನ್ಸ್ ಆ ಕೆಲಸಕ್ಕೆ ಅಕಾಡೆಮಿ ತೆರೆಯಿತು. ಉಳಿದ ಮೂರೂ ಕ್ಲಬ್‌ಗಳೂ ಅದೇ ದಾರಿ ಹಿಡಿದವು.

ವಿಕ್ಟೋರಿಯಾದಲ್ಲಿ ಈ ಕೆಲಸವನ್ನು ಕ್ಲಬ್‌ಗಳು ಮಾಡಬೇಕಿಲ್ಲ. ಅಲ್ಲಿ 18ರ ಒಳಗಿನವರಿಗೆ ಪ್ರದೇಶವಾರು ತಂಡಗಳ ಲೀಗ್ ದಶಕಗಳಿಂದ ನಡೆಯುತ್ತಿದೆ. ಜೀಲಾಂಗ್ ಫಾಲ್ಕನ್ಸ್, ಓಕ್ಲೀ ಚಾರ್ಜರ್ಸ್, ಸ್ಯಾಂಡ್ರಿಂಗಂ ಡ್ರ್ಯಾಗನ್ಸ್ ಎಲ್ಲ ಆ ಲೀಗ್‌ನವೇ. ಜೊತೆಗೆ ಒಳ್ಳೆಯ ಕೋಚ್‌ಗಳನ್ನಿಟ್ಟ ಶ್ರೀಮಂತ ಖಾಸಗಿ ಶಾಲೆಗಳಿವೆ. ಹುಡುಗ ಬೆಳೆದು ನಿಂತ ಮೇಲೆ ಕ್ಲಬ್ ಬಂದು ಆರಿಸಿಕೊಂಡರಾಯಿತು. ಸಿಡ್ನಿ, ಬ್ರಿಸ್ಬೇನ್‌ಗಳಲ್ಲಿ ಹನ್ನೆರಡು–ಹದಿಮೂರರ ಹುಡುಗನನ್ನು ಹುಡುಕಿ, ಕರೆತಂದು, ವರ್ಷಗಟ್ಟಲೆ ತರಬೇತಿ ಕೊಡುವುದು ಕ್ಲಬ್‌ನವರೇ. ಎಎಫ್‌ಎಲ್‌ನಿಂದ, ಪ್ರಾಯೋಜಕರಿಂದ ಒಂದಿಷ್ಟು ನೆರವು ಸಿಗುತ್ತದೆ, ನಿಜ. ಆದರೆ ನೂರಾರು ಮಕ್ಕಳಲ್ಲಿ ಮೇಲೇರುವವರು ಬೆರಳೆಣಿಕೆಯಷ್ಟು. ಉಳಿದವರ ಮೇಲೆ ಹಾಕಿದ ಶ್ರಮ ಯಾವ ಡ್ರಾಫ್ಟ್ ಪಟ್ಟಿಯಲ್ಲೂ ಕಾಣುವುದಿಲ್ಲ. ಉಳುವವನೇ ಹೊಲದೊಡೆಯ ಎಂದು ಕಾನೂನು ಮಾಡಿದ ನಾಡಿನವರಾದ ನಮಗೆ ಈ ವಾದ ಅರ್ಥವಾಗಲು ಕಷ್ಟವಾಗಬಾರದು.

ಅಕಾಡೆಮಿಯಲ್ಲಿ ಬೆಳೆದ ಊರಿನ ಹುಡುಗರು ಇಲ್ಲದಿದ್ದರೆ ಏನಾಗುತ್ತದೆ ಎಂದು ಊಹಿಸಬೇಕಾಗಿಲ್ಲ, ಆಗಿಹೋಗಿದೆ. 2013ರ ಕೊನೆಯಲ್ಲಿ ಬ್ರಿಸ್ಬೇನ್ ಲಯನ್ಸ್‌ನಿಂದ ಒಂದೇ ವರ್ಗಾವಣೆ ಅವಧಿಯಲ್ಲಿ ಐವರು ಎಳೆಯ ಆಟಗಾರರು ಹೊರಟುಹೋದರು. ಜ್ಯಾರೆಡ್ ಪೋಲೆಕ್, ಎಲಿಯಟ್ ಯೋ, ಸ್ಯಾಮ್ ಡಾಕರ್ಟಿ, ಬಿಲ್ಲಿ ಲಾಂಗರ್, ಪ್ಯಾಟ್ರಿಕ್ ಕಾರ್ನೆಜಿಸ್. ಯೋ ಮುಂದೆ ವೆಸ್ಟ್ ಕೋಸ್ಟ್ ಪರವಾಗಿ 2018ರ ಕಪ್ ಗೆದ್ದ, ಡಾಕರ್ಟಿ ಕಾರ್ಲ್ಟನ್‌ನ ಜಂಟಿ ನಾಯಕನಾದ. ದೂರದ ಊರಿನ ಹದಿನೆಂಟರ ಹುಡುಗನನ್ನು ಸರದಿಯ ಬಲದಿಂದ ಕರೆತಂದು ಕಟ್ಟಿಹಾಕಲು ಯಾರಿಂದ ಸಾಧ್ಯ? ಒಪ್ಪಂದ ಮುಗಿದೊಡನೆ ಅವನಿಗೆ ಮನೆ ನೆನಪಾಗುತ್ತದೆ. ಅದು ಅವನ ತಪ್ಪೂ ಅಲ್ಲ. ಗೋಲ್ಡ್ ಕೋಸ್ಟ್‌ನ ಗತಿ ಇನ್ನೂ ಕರುಣಾಜನಕ. 2018ರಲ್ಲಿ ಅದರ ಇಬ್ಬರು ಜಂಟಿ ನಾಯಕರು, ಟಾಮ್ ಲಿಂಚ್ ಮತ್ತು ಸ್ಟೀವನ್ ಮೇ, ಒಟ್ಟಿಗೇ ಕ್ಲಬ್ ಬಿಟ್ಟರು. ಲಿಂಚ್ ರಿಚ್ಮಂಡ್ ಜೊತೆ 2019 ಮತ್ತು 2020ರಲ್ಲಿ, ಮೇ ಮೆಲ್ಬರ್ನ್ ಜೊತೆ 2021ರಲ್ಲಿ ಕಪ್ ಎತ್ತಿದರು. ಅವರನ್ನು ಕಳೆದುಕೊಂಡ ಗೋಲ್ಡ್ ಕೋಸ್ಟ್ ಮೊದಲ ಬಾರಿಗೆ ಫೈನಲ್ಸ್ ಹಂತ ಮುಟ್ಟಿದ್ದು 2025ರಲ್ಲಿ, ತನ್ನ 15ನೇ ಋತುವಿನಲ್ಲಿ. ಆ ಹದಿನಾಲ್ಕು ವರ್ಷ ಮೆಲ್ಬರ್ನ್‌ನಲ್ಲಿ ಸಮಾನತೆಯ ಬಗ್ಗೆ ಇಷ್ಟು ಗಟ್ಟಿಯಾಗಿ ಯಾರೂ ಮಾತಾಡಿದ್ದು ನನಗೆ ಕೇಳಿಸಿಲ್ಲ.

ಹಾಗಾದರೆ ಸಿಟ್ಟಿನಲ್ಲಿರುವ ನ್ಯಾಯ ಯಾವುದು? ಬೆಲೆಯದು. 2014ರಲ್ಲಿ ನ್ಯೂಕಾಸಲ್ ಬಳಿಯ ಐಸಾಕ್ ಹೀನಿ ಎಂಬ ಅಪ್ಪಟ ಪ್ರತಿಭೆಯನ್ನು ಸ್ವಾನ್ಸ್ ಅಕಾಡೆಮಿ ಮೂಲಕ 18ನೇ ಆಯ್ಕೆಗೆ ಪಡೆಯಿತು. ಮುಕ್ತ ಡ್ರಾಫ್ಟ್ ಆಗಿದ್ದರೆ ಅವನು ಅಷ್ಟು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಆಗ ಕಾಲಿಂಗ್‌ವುಡ್ ಅಧ್ಯಕ್ಷರಾಗಿದ್ದ ಎಡ್ಡಿ ಮೆಗೈರ್ ಕಿಡಿಕಾರಿದ್ದರಲ್ಲಿ ತಪ್ಪಿರಲಿಲ್ಲ. ಮರುವರ್ಷ ಪಾಯಿಂಟ್ ಪದ್ಧತಿ ಬಂತು. ಪ್ರತಿ ಆಯ್ಕೆಗೂ ಒಂದು ಮೌಲ್ಯ, ಮೊದಲನೆಯದಕ್ಕೆ 3000 ಪಾಯಿಂಟ್. ಬೇರೆ ಕ್ಲಬ್ ಬಿಡ್ ಕೂಗಿದರೆ ಬೆಳೆಸಿದ ಕ್ಲಬ್ ಅಷ್ಟು ಪಾಯಿಂಟ್ ತೆತ್ತು ಹುಡುಗನನ್ನು ಉಳಿಸಿಕೊಳ್ಳಬಹುದು. ಮೊದಲ ಸುತ್ತಿನಲ್ಲಿ ಶೇ. 20 ರಿಯಾಯಿತಿ ಬೇರೆ.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. 2020ರಲ್ಲಿ ಅದರ ತೂತು ಬಯಲಾಯಿತು. ವೆಸ್ಟರ್ನ್ ಬುಲ್‌ಡಾಗ್ಸ್ ಅಕಾಡೆಮಿಯ ಜಮಾರಾ ಊಗ್ಲ್-ಹೇಗನ್ ಮೇಲೆ ಅಡಿಲೇಡ್ ಮೊದಲ ಆಯ್ಕೆಯನ್ನೇ ಕೂಗಿತು. ವೆಸ್ಟರ್ನ್ ಬುಲ್‌ಡಾಗ್ಸ್ ರಿಯಾಯಿತಿ ಕಳೆದು 2400 ಪಾಯಿಂಟ್ ಕಟ್ಟಬೇಕಿತ್ತು. ಕಟ್ಟಿದ್ದು 29ನೇ ಆಯ್ಕೆ ಮತ್ತು ಅದರ ಕೆಳಗಿನವುಗಳಿಂದ. ನೋಟುಗಳ ಬದಲು ಚಿಲ್ಲರೆ ಎಣಿಸಿ ದೇಶದ ನಂಬರ್ 1 ಹುಡುಗನನ್ನು ಒಯ್ದರು. 2025ರ ಡ್ರಾಫ್ಟ್‌ನಿಂದ ರಿಯಾಯಿತಿ ಶೇ. 10ಕ್ಕೆ ಇಳಿದಿದೆ, 54ನೆಯದರ ನಂತರದ ಆಯ್ಕೆಗಳಿಗೆ ಬೆಲೆಯೇ ಇಲ್ಲವಾಗಿದೆ. ಸರಿಯಾದ ದಿಕ್ಕಿನ ಹೆಜ್ಜೆ, ಆದರೆ ಅರೆಹೆಜ್ಜೆ. ಮೊದಲ ಸುತ್ತಿನ ಹುಡುಗ ಬೇಕಾದವರು ಮೊದಲ ಸುತ್ತಿನ ಒಂದು ಆಯ್ಕೆಯನ್ನಾದರೂ ಒತ್ತೆ ಇಡಲೇಬೇಕು ಎಂಬ ನಿಯಮ ಬರಬೇಕು.

ಇನ್ನು ನನ್ನ ನಿಜವಾದ ತಕರಾರು. ಅಕಾಡೆಮಿ ಹುಡುಗನಿಗೆ ಸಿಗುವ ಇದೇ ಪಾಯಿಂಟ್ ಪದ್ಧತಿ, ಇದೇ ರಿಯಾಯಿತಿ, ಅಪ್ಪ ಅದೇ ಕ್ಲಬ್‌ಗೆ 100 ಪಂದ್ಯ ಆಡಿದ್ದ ಎಂಬ ಒಂದೇ ಕಾರಣಕ್ಕೂ ಸಿಗುತ್ತದೆ. ಇದು ತಂದೆ–ಮಗ ನಿಯಮ. ಇದರಲ್ಲಿ ಕ್ಲಬ್ ಪಟ್ಟ ಶ್ರಮ ಯಾವುದು? ಹುಡುಗ ಹುಟ್ಟಿದ ಮನೆ ಯಾವುದೆಂಬುದಷ್ಟೇ ಲೆಕ್ಕ. 2006ರಲ್ಲಿ ಟಾಮ್ ಹಾಕಿನ್ಸ್‌ನಂಥ ದೈತ್ಯ ಪ್ರತಿಭೆ ಈ ನಿಯಮದಡಿ ಜೀಲಾಂಗ್‌ಗೆ 41ನೇ ಆಯ್ಕೆಗೆ ದಕ್ಕಿದ. 2023ರಲ್ಲಿ ಕಾಲಿಂಗ್‌ವುಡ್ ನಾಲ್ಕೇ ಪಾಯಿಂಟ್‌ಗಳಿಂದ ಬ್ರಿಸ್ಬೇನ್ ಅನ್ನು ಸೋಲಿಸಿ ಕಪ್ ಗೆದ್ದಾಗ, ಕಪ್ ಎತ್ತಿದ ನಾಯಕ ಡಾರ್ಸಿ ಮೂರ್ ತಂದೆ–ಮಗ ನಿಯಮದಡಿ ಬಂದವ; ಜಾಶ್ ಮತ್ತು ನಿಕ್ ಡೇಕಾಸ್ ಸಹೋದರರೂ ಅದೇ ನಿಯಮದವರು. ಆ ಸಂಜೆ ಡ್ರಾಫ್ಟ್ ಕೆಟ್ಟಿತೆಂದು ಯಾರೂ ಕೂಗಲಿಲ್ಲ. ಅದನ್ನು ಪರಂಪರೆ ಎಂದು ಹೊಗಳಿದರು.

ಬ್ರಿಸ್ಬೇನ್ ಮೇಲಿನ ಕೋಪಕ್ಕೂ ಮೂಲ ಇದೇ. 2024ರ ಸೆಪ್ಟೆಂಬರ್‌ನಲ್ಲಿ ಕಪ್ ಗೆದ್ದ ತಂಡ ನವೆಂಬರ್‌ನಲ್ಲಿ ಲೀವೈ ಆಶ್‌ಕ್ರಾಫ್ಟ್‌ನನ್ನು 5ನೇ ಆಯ್ಕೆಗೆ ಪಡೆಯಿತು. ಅವನ ಅಣ್ಣ ವಿಲ್ 2022ರಲ್ಲಿ 2ನೇ ಆಯ್ಕೆಯಾಗಿ ಬಂದಿದ್ದ, 2024 ಮತ್ತು 2025ರ ಎರಡೂ ಗ್ರ್ಯಾಂಡ್ ಫೈನಲ್‌ಗಳಲ್ಲಿ ಶ್ರೇಷ್ಠ ಆಟಗಾರನಾದ. ಇಬ್ಬರೂ ಅಕಾಡೆಮಿಯ ಬಾಗಿಲಿಂದ ಬಂದವರಲ್ಲ, ಕ್ಲಬ್‌ನ ಹಳೆಯ ಆಟಗಾರ ಮಾರ್ಕಸ್ ಆಶ್‌ಕ್ರಾಫ್ಟ್‌ನ ಮಕ್ಕಳಾಗಿ ಬಂದವರು. ಆದರೂ ಬೈಗುಳ ಮಾತ್ರ ಅಕಾಡೆಮಿಗೆ! ಅತ್ತ ಗೋಲ್ಡ್ ಕೋಸ್ಟ್, ಜಯಂಟ್ಸ್ ತಮ್ಮ ಹಳೆಯ ಆಟಗಾರರ ಮಕ್ಕಳು ದೊಡ್ಡವರಾಗುವುದನ್ನು ಕಾಯುತ್ತಲೇ ಇವೆ. ನೂರಕ್ಕೂ ಹೆಚ್ಚು ವರ್ಷಗಳ ವಂಶಾವಳಿ ಇರುವ ಕ್ಲಬ್‌ಗೂ ಮೊನ್ನೆ ಹುಟ್ಟಿದ ಕ್ಲಬ್‌ಗೂ ಒಂದೇ ನಿಯಮ ಎನ್ನುವುದನ್ನು ಸಮಾನತೆ ಎಂದು ಕರೆಯಲಾಗದು.

ನಮ್ಮವರಿಗೆ ನೇರವಾಗಿ ತಟ್ಟುವ ಸಂಗತಿಯೊಂದಿದೆ. 2016ರಿಂದ ಉಳಿದ ಕ್ಲಬ್‌ಗಳಿಗೂ ನೆಕ್ಸ್ಟ್ ಜನರೇಷನ್ ಅಕಾಡೆಮಿ ನಡೆಸುವ ಅವಕಾಶ ಬಂತು. ಮೂಲನಿವಾಸಿ ಮಕ್ಕಳು, ಆಫ್ರಿಕಾ–ಏಷ್ಯಾಗಳಿಂದ ವಲಸೆ ಬಂದ ಕುಟುಂಬಗಳ ಮಕ್ಕಳು ಇವುಗಳ ಗುರಿ. ಊಗ್ಲ್-ಹೇಗನ್ ಗದ್ದಲದ ನಂತರ ಎಎಫ್‌ಎಲ್ ಹೆದರಿ, 2021ರಲ್ಲಿ ಮೊದಲ 20 ಆಯ್ಕೆಗಳೊಳಗೆ, ಮುಂದೆ ಮೊದಲ 40ರೊಳಗೆ ಈ ಮಕ್ಕಳನ್ನು ಕ್ಲಬ್‌ಗಳು ಉಳಿಸಿಕೊಳ್ಳುವಂತಿಲ್ಲ ಎಂದಿತು. ಸ್ಕಾಚ್ ಕಾಲೇಜಿನಂಥ ಶ್ರೀಮಂತ ಶಾಲೆಯಲ್ಲಿ ಓದಿದ ಅವನನ್ನು ಅಕಾಡೆಮಿ ಕಂಡುಹಿಡಿಯಬೇಕಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಶಿಕ್ಷೆ ಬಿದ್ದದ್ದು ಬೇರೆ ಮಕ್ಕಳಿಗೆ. ಮ್ಯಾಕ್ ಆಂಡ್ರ್ಯೂ ದಕ್ಷಿಣ ಸುಡಾನ್ ಮೂಲದ ಕುಟುಂಬದ ಹುಡುಗ, ಈಜಿಪ್ಟ್‌ನಲ್ಲಿ ಹುಟ್ಟಿ ಮೆಲ್ಬರ್ನ್‌ನ ಬಡಾವಣೆಯಲ್ಲಿ ಬೆಳೆದವ, ಮೆಲ್ಬರ್ನ್ ಕ್ಲಬ್‌ನ ಅಕಾಡೆಮಿಯವ. 2021ರಲ್ಲಿ ಗೋಲ್ಡ್ ಕೋಸ್ಟ್ 5ನೇ ಆಯ್ಕೆಯಾಗಿ ಅವನನ್ನು ಕರೆದಾಗ ಮೆಲ್ಬರ್ನ್ ಕೈಕಟ್ಟಿ ಕೂರಬೇಕಾಯಿತು. ಅದೇ ಡ್ರಾಫ್ಟ್‌ನಲ್ಲಿ ಮಾಜಿ ಆಟಗಾರರ ಮಕ್ಕಳಾದ ಸ್ಯಾಮ್ ಡಾರ್ಸಿ 2ನೇ, ನಿಕ್ ಡೇಕಾಸ್ 4ನೇ ಆಯ್ಕೆಯಾಗಿ ತಂತಮ್ಮ ಅಪ್ಪಂದಿರ ಕ್ಲಬ್ ಸೇರಿದರು. ನಿರಾಶ್ರಿತರ ಮಗನನ್ನು ಬೆಳೆಸಿದ ಕ್ಲಬ್‌ಗೆ ಬಾಗಿಲು ಮುಚ್ಚಿತ್ತು, ತಾರೆಯ ಮಗನಿಗೆ ತೆರೆದಿತ್ತು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ಈ ಡ್ರಾಫ್ಟ್‌ನಲ್ಲಿ ನಾನು ಕಂಡಿಲ್ಲ.

2024ರ ಹೊತ್ತಿಗೆ ಎಎಫ್‌ಎಲ್ ಆ ನಿರ್ಬಂಧ ಸಡಿಲಿಸಿತು, ಎಸೆಂಡನ್ ತನ್ನ ಅಕಾಡೆಮಿಯ ಐಸಾಕ್ ಕಾಕೋನನ್ನು 13ನೇ ಆಯ್ಕೆಯಲ್ಲಿ ಉಳಿಸಿಕೊಂಡಿತು. ಆದರೆ ಕಳೆದುಹೋದ ವರ್ಷಗಳ ಹಾನಿ ಸಣ್ಣದಲ್ಲ. ಫಲ ತನಗೆ ದಕ್ಕದು ಎಂದಾದರೆ ಯಾವ ಕ್ಲಬ್ ದೂರದ ಬಡಾವಣೆಗೆ, ಮೂಲನಿವಾಸಿಗಳ ಊರಿಗೆ ಕೋಚ್‌ಗಳನ್ನು ಕಳಿಸುತ್ತದೆ? 2020ರ ನಂತರ ಎಎಫ್‌ಎಲ್‌ನಲ್ಲಿ ಮೂಲನಿವಾಸಿ ಆಟಗಾರರ ಸಂಖ್ಯೆ ಇಳಿಯುತ್ತಾ ಬಂದಿದೆ. ಅದಕ್ಕೆ ಕಾರಣಗಳು ಹಲವು. ಈ ನಿರ್ಬಂಧವನ್ನು ಆ ಪಟ್ಟಿಯಿಂದ ಬಿಡಲಾಗದು. ಇನ್ನು ನಮ್ಮವರ ಮಾತಿಗೆ ಬಂದರೆ, 2021ರ ಜನಗಣತಿಯ ಪ್ರಕಾರ ಆಸ್ಟ್ರೇಲಿಯಾದಲ್ಲಿ ಭಾರತದಲ್ಲಿ ಹುಟ್ಟಿದವರೇ 6.7 ಲಕ್ಷ ಮಂದಿ. ಅವರಲ್ಲಿ ಕನ್ನಡದ ಮನೆಗಳೂ ಇವೆ. ಆ ಮನೆಗಳ ಮಕ್ಕಳು ಕ್ರಿಕೆಟ್ ಬ್ಯಾಟ್ ಹಿಡಿದೇ ಬೆಳೆಯುತ್ತಾರೆ. ಶಾಲೆಯ ಗೆಳೆಯರು ಫೂಟಿ ಎಂದು ಕರೆಯುವ ಈ ಆಟ ಅವರಿಗೆ ಪಕ್ಕದ ಮನೆಯವರ ಆಟ. ಅವರನ್ನು ಮೈದಾನಕ್ಕೆ ಕರೆಯಬಲ್ಲವರು ಅಕಾಡೆಮಿಯವರೇ.

ಉತ್ತರದ ಕ್ಲಬ್‌ಗಳಿಗೂ ನಾನು ಪೂರ್ತಿ ರಿಯಾಯಿತಿ ಕೇಳುತ್ತಿಲ್ಲ. ಎರಡು ವರ್ಷ ಸತತವಾಗಿ ಕಪ್ ಗೆದ್ದ ಬ್ರಿಸ್ಬೇನ್‌ಗೆ ಈಗ ಯಾರ ಕೃಪೆಯೂ ಬೇಕಿಲ್ಲ. ಮೊದಲ ಎಂಟರೊಳಗೆ ಬಂದ ಕ್ಲಬ್ ಅಕಾಡೆಮಿ ಹುಡುಗನಿಗೂ ಪೂರ್ಣ ಬೆಲೆ ಕೊಡಲಿ, ಶೇ. 10ರ ರಿಯಾಯಿತಿ ಕೆಳಗಿನವರಿಗೆ ಮಾತ್ರ ಇರಲಿ. ತಂದೆ–ಮಗ ನಿಯಮ ಭಾವನೆಗಾಗಿ ಉಳಿಯಬೇಕೆಂದರೆ ಉಳಿಯಲಿ, ಆದರೆ ಒಂದು ಪಾಯಿಂಟ್ ರಿಯಾಯಿತಿಯೂ ಇಲ್ಲದೆ.

2028ರಲ್ಲಿ ಟಾಸ್ಮೇನಿಯಾ 19ನೇ ಕ್ಲಬ್ ಆಗಿ ಕಣಕ್ಕಿಳಿಯಲಿದೆ. ಅದು ಮೊದಲ ಪಂದ್ಯ ಆಡುವ ಮುನ್ನವೇ ಎಎಫ್‌ಎಲ್ ಹುಟ್ಟಿಗೆ ಕೊಡುವ ರಿಯಾಯಿತಿಯನ್ನು ರದ್ದು ಮಾಡಬೇಕು, ಅಕಾಡೆಮಿಗಳ ಬಾಗಿಲನ್ನು ಮತ್ತೆಂದೂ ಮುಚ್ಚಬಾರದು.